ಹೊಸ್ತಿಲು ಎಷ್ಟು ಮೇಲಿದೆ?

ಚಿಕ್ಕಮಗಳೂರಿನ ಮಾರ್ಕೆಟ್ ರಸ್ತೆಯ ಹಿಂಬದಿ ಗಲ್ಲಿಯೊಂದರಲ್ಲಿ, ಕಾಫಿ ಹಣ್ಣು ಕೊಯ್ಯುವ ಹೆಂಗಸಿನ ಚಿತ್ರ ಬರೆದ ಗೋಡೆಯಿದೆ. ತಲೆಗೆ ಸುತ್ತಿದ ಟವೆಲ್, ಸೊಂಟಕ್ಕೆ ಕಟ್ಟಿದ ಚೀಲ, ಕೈಯಲ್ಲಿ ಕೆಂಪು ಹಣ್ಣಿನ ಗೊಂಚಲು. ಬರೆದ ಹೊಸದರಲ್ಲಿ ಶನಿವಾರ ಭಾನುವಾರ ಬರುವ ಬೆಂಗಳೂರಿನ ಹುಡುಗರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೊದಲ ಮಳೆಗಾಲ ಮುಗಿಯುವಾಗ ಆಕೆಯ ಪಾದದ ಹತ್ತಿರ ಬಣ್ಣ ಬೊಬ್ಬೆ ಎದ್ದಿತ್ತು. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕಾಲಿನವರೆಗೂ ಉದುರಿ, ಕೆಳಗೆ ಬಿಳಿ ಉಪ್ಪಿನ ಪುಡಿ ಹೂಬಿಟ್ಟಿತು. ಅದೇ ಗೋಡೆಯ ಒಳಬದಿಯಲ್ಲಿ ಒಂದು ಸಂಸಾರ ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದುಕೊಂಡಿದೆ. ಅಕ್ಕಿ ಡಬ್ಬ ಎರಡು ಇಟ್ಟಿಗೆಯ ಮೇಲೆ ಕೂತಿದೆ. ಹೊರಗೆ ಚಿತ್ರ ಹಾಳಾದದ್ದಕ್ಕೂ ಒಳಗೆ ಮಂಚ ಸರಿದದ್ದಕ್ಕೂ ಕಾರಣ ಒಂದೇ. ಆದರೆ ಚಿತ್ರ ಹಾಳಾದದ್ದಕ್ಕೆ ಬೇಸರ ಮಾಡಿಕೊಂಡಷ್ಟು ಜನ ಮಂಚದ ಬಗ್ಗೆ ಕೇಳಿದ್ದು ಕಾಣೆ.

ಹಳೆಯ ಕೂಲಿಕಾರರ ಕೇರಿಗಳಿಗೆ ಈಗ ಮತ್ತೆ ಜೀವ ಬರುತ್ತಿದೆ ಎಂಬ ಮಾತು ಊರಲ್ಲಿ ಓಡಾಡುತ್ತಿದೆ. ಹಾಸನದ ಪೆನ್ಷನ್ ಮೊಹಲ್ಲಾದ ಬಗ್ಗೆಯೂ ಇದೇ ಮಾತು, ಇಲ್ಲಿನ ಗಲ್ಲಿಗಳ ಬಗ್ಗೆಯೂ ಇದೇ ಮಾತು. ಬಣ್ಣ, ದೀಪ, ಹೆಂಚಿನ ಮನೆಯೊಳಗೊಂದು ಕೆಫೆ, ಬಾಗಿಲಿಗೆ ಹಳೆಯ ಮರದ ಹಲಗೆಯ ಬೋರ್ಡು. ಇದರಲ್ಲಿ ತಪ್ಪು ಹುಡುಕಬೇಕೆಂದೇನಿಲ್ಲ. ಆದರೆ ಕೇರಿ ಉಳಿಯುತ್ತದೋ ಹೋಗುತ್ತದೋ ಎನ್ನುವುದು ತೀರ್ಮಾನವಾಗುವುದು ರಸ್ತೆಯ ಮಟ್ಟದಲ್ಲಿ, ಗೋಡೆಯ ಬುಡದಲ್ಲಿ, ಹೆಂಚಿನ ಸಂದಿಯಲ್ಲಿ, ಮತ್ತೆ ಕಬ್ಬಿಣದ ಪೆಟ್ಟಿಗೆಯೊಳಗೆ ಮಡಚಿಟ್ಟ ಕಾಗದದಲ್ಲಿ.

ಸೀಸನ್ನಿನ ಕೇರಿ

ಈ ಗಲ್ಲಿಗಳು ಹುಟ್ಟಿದ್ದೇ ಕ್ಯೂರಿಂಗ್ ವರ್ಕ್ಸ್‌ಗಳ ಬೆನ್ನಿಗೆ. ತೋಟದಿಂದ ಬಂದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಬೀಜ) ಮತ್ತು ಚೆರಿಯನ್ನು (ಹಣ್ಣಾಗಿಯೇ ಒಣಗಿಸಿದ್ದು) ಕಣದಲ್ಲಿ ಮತ್ತೊಮ್ಮೆ ಒಣಗಿಸಿ, ಸಿಪ್ಪೆ ತೆಗೆದು, ಜರಡಿ ಹಿಡಿದು, ಎ, ಬಿ, ಸಿ, ಪಿಬಿ (ಗುಂಡುಬೀಜ) ಎಂದು ಬೇರೆ ಮಾಡಿ, ಕೊನೆಗೆ ಕಪ್ಪು, ಕಂದು, ಚೂರು ಬೀಜಗಳನ್ನು ಕೈಯಿಂದ ಆರಿಸುವ ಕೆಲಸ. ಆ ಕೊನೆಯದು ಪೂರಾ ಹೆಂಗಸರದ್ದು. ಮೂಟೆ ಹೊರುವವರು, ಗಾಡಿಯವರು, ಯಂತ್ರ ನೋಡಿಕೊಳ್ಳುವವರು, ಬೀಜ ಆರಿಸುವವರು, ಎಲ್ಲರೂ ಸೈರನ್ ಕೇಳಿಸುವಷ್ಟು ದೂರದಲ್ಲೇ ಮನೆ ಮಾಡಿಕೊಂಡರು. ಜನವರಿಯಿಂದ ಮಳೆ ಹಿಡಿಯುವವರೆಗೆ ಕೈತುಂಬ ಕೆಲಸ. ಆಮೇಲೆ ಅಂಗಡಿಯಲ್ಲಿ ಕಡ. ಆ ದಿನಗಳ ಸಂಜೆ ಹೇಗಿತ್ತೆಂದು ಕೇರಿಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾರೆ. ಸೈರನ್ ಆದ ಮೇಲೆ ಸಾಲಾಗಿ ಬರುವ ಹೆಂಗಸರು, ಸೆರಗಿಗೂ ಕೂದಲಿಗೂ ಅಂಟಿದ ಬೆಳ್ಳಿಬಣ್ಣದ ಹೊಟ್ಟು, ಜಗಲಿಯ ಮೇಲೆ ಕೂತು ಅದನ್ನು ಕೊಡವಿಕೊಂಡೇ ಒಳಗೆ ಹೋಗುವುದು. ಅದಕ್ಕೇ ಈ ಮನೆಗಳ ಜಗಲಿ ಅಷ್ಟು ಅಗಲ.

1942ರ ಕಾಫಿ ಕಾಯ್ದೆಯಿಂದ ಬೆಳೆಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಒಟ್ಟು ದಾಸ್ತಾನಿಗೆ, ಹೋಗುತ್ತಿದ್ದ ಕಾಲದಲ್ಲಿ ಕ್ಯೂರಿಂಗ್‌ನವರಿಗೆ ಮಾಲು ತಾನಾಗಿಯೇ ಬರುತ್ತಿತ್ತು. 1992ರಿಂದ ಸ್ವಲ್ಪ ಸ್ವಲ್ಪವಾಗಿ ಬಿಟ್ಟು, 1996ರ ಹೊತ್ತಿಗೆ ಬೆಳೆಗಾರರು ಪೂರ್ತಿ ತಮಗೆ ಬೇಕಾದವರಿಗೆ ಮಾರುವಂತಾಯಿತು. ಬೆಳೆಗಾರನಿಗೆ ಒಳ್ಳೆಯದಾಯಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೂಲ್‌ನ ಕೆಲಸವನ್ನೇ ನೆಚ್ಚಿಕೊಂಡಿದ್ದ ಕ್ಯೂರಿಂಗ್ ವರ್ಕ್ಸ್‌ಗಳು ತಾವೇ ವ್ಯಾಪಾರಕ್ಕೆ ಇಳಿಯಬೇಕಾಯಿತು, ಇಲ್ಲವೇ ಬಾಗಿಲು ಹಾಕಬೇಕಾಯಿತು. ಅದರ ಮೇಲೆ ಬಣ್ಣ ನೋಡಿ ಬೀಜ ಬೇರೆ ಮಾಡುವ ಸಾರ್ಟೆಕ್ಸ್ ಯಂತ್ರ ಬಂತು. ಒಂದೊಂದೇ ಬೀಜ ಉದುರುವಾಗ ಕಪ್ಪು ಕಂಡರೆ ಗಾಳಿ ಊದಿ ಪಕ್ಕಕ್ಕೆ ತಳ್ಳುತ್ತದೆ; ಹತ್ತಾರು ಹೆಂಗಸರ ದಿನದ ಕೆಲಸ ಅದಕ್ಕೆ ಗಂಟೆಗಳ ಮಾತು. ಕೇರಿ ಸೊರಗಿದ್ದಕ್ಕೆ ಇಷ್ಟೇ ಹಿನ್ನೆಲೆ ಸಾಕು.

ರಸ್ತೆ ಏರಿತು, ಮನೆ ಇಳಿಯಿತು

ಈಗ ಗೋಡೆಯ ತೇವಕ್ಕೆ ಬರೋಣ. ಈ ಮನೆಗಳನ್ನು ಕಟ್ಟಿದಾಗ ಜಗಲಿಗೆ ಎರಡು ಮೆಟ್ಟಿಲು ಇದ್ದವು. ಅಂದರೆ ಹೊಸ್ತಿಲು ರಸ್ತೆಗಿಂತ ಒಂದು ಅಡಿಯಾದರೂ ಮೇಲೆ. ಆಮೇಲೆ ಗಲ್ಲಿಗೆ ಕಾಂಕ್ರೀಟ್ ಬಂತು, ಐದಾರು ಇಂಚು. ಪೈಪಿಗಾಗಿ ಅಗೆದು ತೇಪೆ ಹಾಕಿದ ಮೇಲೆ ಅದೇ ಕಾಂಕ್ರೀಟಿನ ತಲೆಯ ಮೇಲೆ ಇನ್ನೊಂದು ಐದು ಇಂಚು. ಮುಂದಿನ ಸಲ ಇನ್ನೊಂದು ಪದರ. ಹಳೆಯದನ್ನು ಒಡೆದು ಸಾಗಿಸುವುದಕ್ಕೆ ಕೂಲಿ ಬೇಕು, ಟ್ರ್ಯಾಕ್ಟರ್ ಬೇಕು, ಸುರಿಯಲು ಜಾಗ ಬೇಕು. ಎಸ್ಟಿಮೇಟಿನಲ್ಲಿ ಆ ಬಾಬ್ತೇ ಇರುವುದಿಲ್ಲ. ಮೂರು ಸಲ ಹೀಗಾದರೆ ರಸ್ತೆ ಒಂದೂಕಾಲು ಅಡಿ ಏರಿದಂತೆ. ಮೆಟ್ಟಿಲು ಎರಡೂ ಮುಳುಗಿ, ಮಳೆ ಬಂದರೆ ಹೊಸ್ತಿಲಿಗೆ ಗೋಣಿಚೀಲ ಅಡ್ಡ ಇಡುವ ಸ್ಥಿತಿ. ನೀರು ಒಳಗೆ ಬಾರದಿದ್ದರೂ ಗೋಡೆಯ ಬುಡ ವರ್ಷಪೂರ್ತಿ ರಸ್ತೆಯ ಒದ್ದೆಗೆ ಅಂಟಿಕೊಂಡೇ ಇರುತ್ತದೆ. ಕಲ್ಲಿನ ತಳಪಾಯ ನೆಲದಿಂದ ಮೇಲೆ ಬಂದು ನಿಂತಿದ್ದದ್ದೇ ಮಣ್ಣಿನ ಗೋಡೆಗೆ ನೀರು ಮುಟ್ಟಬಾರದು ಎಂದು. ಆ ಕಲ್ಲನ್ನೇ ಹೂತುಬಿಟ್ಟ ಮೇಲೆ ಗೋಡೆ ದೀಪದ ಬತ್ತಿಯ ಹಾಗೆ ನೀರು ಹೀರುತ್ತದೆ. ಚಿತ್ರದ ಹೆಂಗಸಿನ ಕಾಲು ಹೋದದ್ದು ಹಾಗೆ.

ಹಾಗಾಗಿ ಕೇರಿಯ ಕೆಲಸಕ್ಕೆ ಕೈಹಾಕುವವರು ಮೊದಲು ಕೊಳ್ಳಬೇಕಾದದ್ದು ಬಣ್ಣವಲ್ಲ, ಮೂವತ್ತು ನಲವತ್ತು ಅಡಿ ಪಾರದರ್ಶಕ ಪೈಪು. ಮೇಸ್ತ್ರಿಗಳ ಟ್ಯೂಬ್ ಲೆವೆಲ್. ಪೈಪಿಗೆ ನೀರು ತುಂಬಿ, ಒಳಗೆ ಗಾಳಿಗುಳ್ಳೆ ಇಲ್ಲವೆಂದು ನೋಡಿಕೊಂಡು (ಗುಳ್ಳೆ ಇದ್ದರೆ ಮಟ್ಟ ಸುಳ್ಳು ಹೇಳುತ್ತದೆ, ಎಷ್ಟೋ ಚರಂಡಿ ಉಲ್ಟಾ ಹರಿಯುವುದು ಇದರಿಂದಲೇ), ಒಬ್ಬರು ಗಲ್ಲಿಯ ತಲೆಯಲ್ಲಿ ಹಿಡಿದರೆ ಇನ್ನೊಬ್ಬರು ಒಂದೊಂದೇ ಬಾಗಿಲಲ್ಲಿ ಹಿಡಿದು ಚೌಕಟ್ಟಿನ ಮೇಲೆ ಪೆನ್ಸಿಲ್ ಗೆರೆ ಎಳೆಯುವುದು. ಎಲ್ಲ ಬಾಗಿಲಿನ ಗೆರೆಯೂ ಒಂದೇ ಮಟ್ಟ. ಅಲ್ಲಿಂದ ಹೊಸ್ತಿಲಿಗೆ ಎಷ್ಟು ಇಂಚು, ರಸ್ತೆಗೆ ಎಷ್ಟು, ಚರಂಡಿಯ ತಳಕ್ಕೆ ಎಷ್ಟು ಎಂದು ಬರೆದುಕೊಂಡರೆ ಹನ್ನೆರಡು ಮನೆಯ ಗಲ್ಲಿ ಅರ್ಧ ದಿನದ ಕೆಲಸ. ಆ ಒಂದು ಹಾಳೆ ಕೈಯಲ್ಲಿದ್ದರೆ ನಗರಸಭೆಯ ಎಂಜಿನಿಯರ್ ಜೊತೆ ಮಾತಾಡುವ ಧಾಟಿಯೇ ಬೇರೆ. “ನೀರು ನುಗ್ತದೆ ಸಾರ್” ಎನ್ನುವುದಕ್ಕೂ, “ಏಳನೇ ಮನೆ ಹೊಸ್ತಿಲು ರಸ್ತೆಗಿಂತ ಎರಡಿಂಚು ಕೆಳಗಿದೆ, ಇದರ ಮೇಲೆ ಇನ್ನೊಂದು ಪದರ ಹಾಕ್ಬೇಡಿ” ಎನ್ನುವುದಕ್ಕೂ ವ್ಯತ್ಯಾಸವಿದೆ.

ಹಳೆಯ ಕಾಂಕ್ರೀಟ್ ಒಡೆದು ತೆಗೆದ ಮೇಲೆ ಮತ್ತೆ ಕಾಂಕ್ರೀಟೇ ಯಾಕೆ ಎನ್ನುವುದೂ ಪ್ರಶ್ನೆ. ಎಂಟು ಅಡಿಯ ಗಲ್ಲಿಯಲ್ಲಿ ಓಡಾಡುವುದು ಜನ, ಬೈಕು, ಹೆಚ್ಚೆಂದರೆ ಆಟೊ. ಅದಕ್ಕೆ 60 ಮಿಲಿಮೀಟರ್ ಇಂಟರ್‌ಲಾಕ್ ಸಾಕು. ಗೂಡ್ಸ್ ಗಾಡಿ ಬರುವ ಕಡೆ 80. ಕೆಳಗೆ ಒತ್ತಿದ ಜಲ್ಲಿ, ಅದರ ಮೇಲೆ ಒಂದರಿಂದ ಒಂದೂವರೆ ಇಂಚು ಮರಳು. ಇದರ ಲಾಭವೆಂದರೆ ಪೈಪು ಒಡೆದಾಗ ಬ್ಲಾಕ್ ಎಬ್ಬಿಸಿ, ರಿಪೇರಿ ಮಾಡಿ, ಅದನ್ನೇ ಮತ್ತೆ ಕೂರಿಸಬಹುದು, ಮಟ್ಟ ಏರುವುದಿಲ್ಲ. ಕೆಡುವುದು ಎಲ್ಲಿ ಎಂದರೆ ಅಂಚಿನಲ್ಲಿ. ಎರಡೂ ಬದಿಗೆ ಅಂಚುಕಲ್ಲು ಕಟ್ಟದಿದ್ದರೆ ಮೊದಲ ಮಳೆಗೇ ಮರಳು ಚರಂಡಿಗೆ ಹೋಗಿ ಬ್ಲಾಕ್ ಅಲುಗಾಡತೊಡಗುತ್ತದೆ, ಆಮೇಲೆ “ಇಂಟರ್‌ಲಾಕ್ ಬಾಳಿಕೆ ಬರಲ್ಲ” ಎಂಬ ಅಪವಾದ. ಹಳೆಯ ಕಾಂಕ್ರೀಟಿನ ಮೇಲೇ ಇಂಟರ್‌ಲಾಕ್ ಹಾಸುವ ಜಾಣರೂ ಇದ್ದಾರೆ, ಅವರ ವಿಷಯ ಬೇಡ.

ಒಳಚರಂಡಿಯ ಸಂಪರ್ಕದಲ್ಲೂ ಲೆಕ್ಕ ಇಂಚಿನದ್ದೇ. ಮನೆಯಿಂದ ಮ್ಯಾನ್‌ಹೋಲಿಗೆ ನಾಲ್ಕು ಇಂಚಿನ ಪೈಪಿಗೆ ಅರವತ್ತಕ್ಕೆ ಒಂದರ ಇಳಿಜಾರಾದರೂ ಬೇಕು. ನಲವತ್ತು ಅಡಿ ದೂರವಿದ್ದರೆ ಎಂಟು ಇಂಚು ಇಳಿಯಬೇಕು. ಹಿತ್ತಲಿನ ಬಚ್ಚಲಿನಿಂದ ಪೈಪು ಹೊರಟು ನಡುಮನೆಯ ಕೆಳಗೆ ಹಾದು ಬರಬೇಕಾದ ಮನೆಗಳಲ್ಲಿ ಆ ಎಂಟು ಇಂಚು ಸಿಗುವುದೇ ಇಲ್ಲ. ಸಿಗಲಿಲ್ಲವೆಂದು ಮಟ್ಟಸವಾಗಿ ಹಾಕಿದರೆ ನೀರು ಹೋಗುತ್ತದೆ, ಗಟ್ಟಿ ಉಳಿಯುತ್ತದೆ, ಆರು ತಿಂಗಳಿಗೆ ಕಟ್ಟಿಕೊಳ್ಳುತ್ತದೆ. ಎರಡು ಮೂರು ಮನೆಯವರು ಹಿತ್ತಲಿನ ಸಾಲಿನಲ್ಲೇ ಒಂದು ಲೈನು ಎಳೆದು, ಗಲ್ಲಿಯ ಕೊನೆಯಲ್ಲಿ ಹೊರಗೆ ತರುವುದು ಇದಕ್ಕಿರುವ ದಾರಿ. ಅದಕ್ಕೆ ಪೈಪಿಗಿಂತ ಮೊದಲು ಅಕ್ಕಪಕ್ಕದವರು ಮಾತಾಡುವ ಹಾಗಿರಬೇಕು. ಇನ್ನೊಂದು: ಸೂರಿನ ಮಳೆನೀರನ್ನು ಯಾವ ಕಾರಣಕ್ಕೂ ಈ ಪೈಪಿಗೆ ಬಿಡಕೂಡದು. ಆರಿದ್ರಾ ಮಳೆಯಲ್ಲಿ ಮ್ಯಾನ್‌ಹೋಲ್ ಮುಚ್ಚಳ ಎದ್ದು ಗಲ್ಲಿ ನಾರುವುದು ಬಹುಮಟ್ಟಿಗೆ ಇದರಿಂದಲೇ.

ಸುಣ್ಣಕ್ಕೆ ಕಾಯುವ ತಾಳ್ಮೆ

ಒದ್ದೆ ಗೋಡೆ ಕಂಡ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಸಿಮೆಂಟು. ಇಂಥ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ.

“ಸಿಮೆಂಟ್ ಹಾಕ್ಬಿಡಿ ಮೇಸ್ತ್ರಿ, ಗಟ್ಟಿಯಾಗಿರ್ಲಿ.”

“ಗಟ್ಟಿಯಾಗೇ ಇರತ್ತಮ್ಮಾ. ಹಿಂದೆ ಗೋಡೆ ಇರಲ್ಲ ಅಷ್ಟೆ.”

ಮೇಸ್ತ್ರಿ ತಮಾಷೆ ಮಾಡುತ್ತಿಲ್ಲ. ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ ಒಳಗೆ ಹೀರಿದ ತೇವವನ್ನು ಎರಡೂ ಮೈಯಿಂದ ಬಿಡುತ್ತಿರುತ್ತದೆ. ಸಿಮೆಂಟ್ ಗಾರೆ ಆ ದಾರಿ ಮುಚ್ಚುತ್ತದೆ. ತೇವ ಹೊರಗೆ ಬರಲಾರದೆ ಮೇಲಕ್ಕೆ ಏರುತ್ತದೆ, ಗಾರೆಯ ಹಿಂದೆ ಮಣ್ಣು ಮೆತ್ತಗಾಗುತ್ತದೆ. ಕೆಲವು ವರ್ಷ ಏನೂ ತಿಳಿಯುವುದಿಲ್ಲ. ಒಂದು ದಿನ ಗಾರೆ ಹಪ್ಪಳದ ಹಾಗೆ ಪೂರಾ ಕಳಚಿ ಬೀಳುತ್ತದೆ, ಬೀಳುವಾಗ ಎರಡಿಂಚು ಮಣ್ಣನ್ನೂ ಕಿತ್ತುಕೊಂಡು ಬರುತ್ತದೆ. ಬೆರಳಿನ ಗೆಣ್ಣಿನಿಂದ ಬಡಿದು ನೋಡಿದರೆ ಮೊದಲೇ ಗೊತ್ತಾಗುತ್ತದೆ. ಡಬ್ ಡಬ್ ಎಂದರೆ ಹಿಂದೆ ಟೊಳ್ಳು. ಹೊರಗಿನ ಅಕ್ರಿಲಿಕ್ ಬಣ್ಣವೂ ತೆಳ್ಳಗಿನ ಪ್ಲಾಸ್ಟಿಕ್ ಚೀಲವೇ.

ಸರಿಯಾದ ಕ್ರಮ ನಿಧಾನದ್ದು. ಸಂಕ್ರಾಂತಿ ಕಳೆದ ಮೇಲೆ, ಮಳೆಯ ಹೆದರಿಕೆ ಇಲ್ಲದಾಗ, ತೇವ ಏರಿದ ಎತ್ತರಕ್ಕಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಗಾರೆ ಕೆತ್ತಿ ತೆಗೆಯಬೇಕು. ಜೋರಾಗಿ ಬಡಿಯಕೂಡದು, ಉಳಿಯನ್ನು ಓರೆ ಹಿಡಿದು ಎಬ್ಬಿಸಬೇಕು. ಆಮೇಲೆ ಗೋಡೆಯನ್ನು ಹಾಗೆಯೇ ಬಿಡಬೇಕು, ಎರಡು ಮೂರು ತಿಂಗಳು. ಮೇಲೆ ಹೂಬಿಡುವ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಬೇಕು. ನೀರಿನಲ್ಲಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ. ಕಿತ್ತುಹೋದ ಕಡೆ ಅದೇ ಜಾತಿಯ ಮಣ್ಣಿಗೆ ಕತ್ತರಿಸಿದ ಹುಲ್ಲು ಕಲಸಿ ತುಂಬಬೇಕು. ಈ ಕಡೆ ಸುಣ್ಣ ತಯಾರಾಗುತ್ತಿರಬೇಕು. ಸುಟ್ಟ ಸುಣ್ಣದ ಕಲ್ಲನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಅರಳಿಸುವುದು, ಕಲ್ಲಿನ ಮೇಲೆ ನೀರು ಸುರಿಯುವುದಲ್ಲ. ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ, ಕನ್ನಡಕ ಇಲ್ಲದೆ ಹತ್ತಿರ ಹೋಗಬಾರದು. ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಕನಿಷ್ಠ ಎರಡು ವಾರ ಬಿಡಬೇಕು, ತಿಂಗಳು ಬಿಟ್ಟರೆ ಬೆಣ್ಣೆಯ ಹಾಗೆ ಆಗುತ್ತದೆ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು. ಗೋಡೆಗೆ ನೀರು ಚಿಮುಕಿಸಿ ಮೊದಲ ಕೋಟು ಅರ್ಧ ಇಂಚು. ಅದು ಬಿಗಿಯಾದ ಮೇಲೆ ಎರಡನೆಯದು ಅದರ ಅರ್ಧ. ಒಂದೇ ಏಟಿಗೆ ಇಂಚು ದಪ್ಪ ಬಳಿದರೆ ಬಿರುಕು ಗ್ಯಾರಂಟಿ. ನೇರ ಬಿಸಿಲು ಬೀಳದಂತೆ ಒದ್ದೆ ಗೋಣಿ ಇಳಿಬಿಟ್ಟು ವಾರ ಹತ್ತು ದಿನ ತೇವ ಕಾಯಬೇಕು. ಬೆಲ್ಲದ ನೀರು, ಅಳಲೆಕಾಯಿ ಕಷಾಯ ಸೇರಿಸುವವರಿದ್ದಾರೆ. ಒಳ್ಳೆಯದೇ, ಆದರೆ ಸುಣ್ಣ ಸರಿಯಾಗಿ ಅರಳದಿದ್ದರೆ ಬೆಲ್ಲ ಅದನ್ನು ಕಾಪಾಡುವುದಿಲ್ಲ.

ಇಷ್ಟೆಲ್ಲ ಆದಮೇಲೂ ರಸ್ತೆ ಮೇಲೆಯೇ ಇದ್ದರೆ ಸುಣ್ಣದ ಗಾರೆಯೂ ಸವೆಯುತ್ತದೆ. ಆದರೆ ಸವೆಯುವುದು ಗಾರೆ, ಗೋಡೆಯಲ್ಲ. ನಾಲ್ಕೈದು ವರ್ಷಕ್ಕೊಮ್ಮೆ ಬುಡದ ಮೂರಡಿ ಹೊಸದು ಮಾಡಿಕೊಂಡರಾಯಿತು.

ಹೆಂಚು ಇಳಿಸುವ ದಿನ

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ಇದು. ನಮ್ಮೂರು ಶೃಂಗೇರಿಯಲ್ಲ, ಮಳೆ ಅಷ್ಟಿಲ್ಲ, ಹಾಗಾಗಿ ಇಲ್ಲಿನ ಸೂರಿನ ಇಳಿಜಾರೂ ಸ್ವಲ್ಪ ಕಡಿಮೆ. ಕಡಿಮೆ ಇಳಿಜಾರಿನ ಸೂರಿಗೆ ಒಂದು ಹೆಂಚು ಜರುಗಿದರೂ ತೊಂದರೆ. ರೋಹಿಣಿ ಮಳೆಗೆ ಮೊದಲು, ಮೇ ತಿಂಗಳಲ್ಲಿ, ಹೆಂಚು ಇಳಿಸಿ ಮತ್ತೆ ಹೊದಿಸುವ ಕೆಲಸ ನೋಡುವಂಥದ್ದು. ಸೂರಿನ ಮೇಲೆ ಇಬ್ಬರು, ಏಣಿಯಲ್ಲಿ ಒಬ್ಬ, ಕೆಳಗೆ ಗಲ್ಲಿಯುದ್ದಕ್ಕೂ ಮನೆಯವರು, ಪಕ್ಕದ ಮನೆಯವರು, ಶಾಲೆಗೆ ರಜೆಯಿರುವ ಮಕ್ಕಳು. ಕೈಯಿಂದ ಕೈಗೆ ಹೆಂಚು. ಕೊನೆಯಲ್ಲಿ ಕೂತ ವಯಸ್ಸಾದವರ ಕೈಯಲ್ಲಿ ಒಂದು ಸಣ್ಣ ಕಬ್ಬಿಣದ ಚೂರು. ಪ್ರತಿ ಹೆಂಚನ್ನೂ ಎತ್ತಿ ಹಿಡಿದು ತಟ್ಟುತ್ತಾರೆ. ಟಣ್ ಎಂದರೆ ಬಲಕ್ಕೆ. ಟಪ್ ಎಂದರೆ ಕಣ್ಣಿಗೆ ಕಾಣದ ಸೀಳು, ಎಡಕ್ಕೆ. ಪಾಚಿಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ಬಿಸಿಲಿಗೆ ನಿಲ್ಲಿಸುವುದು ಹೆಂಗಸರ ಪಾಲು. ಮಧ್ಯಾಹ್ನದ ಹೊತ್ತಿಗೆ ಮನೆ ಬೆತ್ತಲೆ, ಅಡುಗೆಮನೆಗೆ ಆಕಾಶ. ಅವತ್ತಿನ ಊಟ ಪಕ್ಕದ ಮನೆಯಲ್ಲಿ.

ಲೆಕ್ಕ ಹೀಗೆ: ಒಂದು ಚದರಕ್ಕೆ, ಅಂದರೆ ನೂರು ಚದರಡಿಗೆ, ಹೆಚ್ಚುಕಮ್ಮಿ ನೂರನಲವತ್ತು ಹೆಂಚು. ನಾಲ್ಕೂವರೆ ಚದರದ ಸೂರಿಗೆ ಆರುನೂರಮೂವತ್ತು, ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚಿಗೆ. ಹಳೇ ಹೆಂಚು ಗುಜರಿಯಲ್ಲಿ ಸಿಗುತ್ತದೆ, ಆದರೆ ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಕೂರುವುದಿಲ್ಲ. ತೋಡು ಒಂದು ನೂಲು ಆಚೀಚೆ ಇದ್ದರೂ ಎದ್ದು ನಿಲ್ಲುತ್ತದೆ, ಗಾಳಿಮಳೆಗೆ ನೀರು ಹಿಮ್ಮುಖವಾಗಿ ಒಳಗೆ ಬರುತ್ತದೆ. ಹೆಂಚಿನ ಬೆನ್ನ ಮೇಲಿನ ಮುದ್ರೆ ನೋಡಿ ಒಂದೇ ಮುದ್ರೆಯವನ್ನು ಒಂದು ಮೈಗೆ ಹಾಕಬೇಕು. ರೀಪಿನ ಅಂತರವನ್ನು ಟೇಪು ಹಿಡಿದು ಹೊಡೆಯುವುದಕ್ಕಿಂತ ಆರು ಹೆಂಚನ್ನು ನೆಲದ ಮೇಲೆ ಜೋಡಿಸಿ, ಎಳೆದು ನೋಡಿ, ಒತ್ತಿ ನೋಡಿ, ನಡುವಿನ ಅಳತೆ ತೆಗೆದುಕೊಳ್ಳುವುದು ಸರಿ. ಮರದಲ್ಲಿ ಗೆದ್ದಲು ಹುಡುಕಬೇಕಾದದ್ದು ನಡುವಿನಲ್ಲಲ್ಲ, ಗೋಡೆಯ ಮೇಲೆ ಕೂರುವ ತುದಿಯಲ್ಲಿ. ಅಲ್ಲಿ ಯಾರಾದರೂ ಸಂದಿಗೆ ಸಿಮೆಂಟ್ ಮೆತ್ತಿದ್ದರೆ ಆ ತುದಿ ಒಳಗೊಳಗೇ ಹಿಟ್ಟಾಗಿರುತ್ತದೆ.

ಹೆಂಚಿನ ರಗಳೆ ಬೇಡವೆಂದು ಅದೇ ಗೋಡೆಯ ಮೇಲೆ ಆರ್‌ಸಿಸಿ ಹಾಕಿಸಿಕೊಳ್ಳುವವರಿದ್ದಾರೆ. ಹೆಂಚು, ರೀಪು, ಮರ ಎಲ್ಲ ಸೇರಿ ಒಂದು ಚದರ ಮೀಟರಿಗೆ ಐವತ್ತು ಅರವತ್ತು ಕಿಲೊ. ನಾಲ್ಕು ಇಂಚಿನ ಆರ್‌ಸಿಸಿ ಇನ್ನೂರೈವತ್ತು. ಬುಡ ಒದ್ದೆಯಾದ ಮಣ್ಣಿನ ಗೋಡೆಯ ತಲೆಯ ಮೇಲೆ ನಾಲ್ಕು ಪಟ್ಟು ಭಾರ. ಹಾಕಲೇಬೇಕೆಂದಿದ್ದರೆ ಮೂಲೆಗಳಲ್ಲಿ ತಳಪಾಯದಿಂದಲೇ ಪಿಲ್ಲರ್ ಎಬ್ಬಿಸಿ ಭಾರವನ್ನು ಅದರ ಮೇಲೆ ಹೊರಿಸಬೇಕು. ಆಗ ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಯ ಬುಡ ಅಗೆಯುವ ಪ್ರಶ್ನೆ ಬರುತ್ತದೆ, ಮತ್ತೆ ಜಗಳ.

ಅಜ್ಜನ ಹೆಸರಿನ ಖಾತೆ

ಇಷ್ಟಕ್ಕೆಲ್ಲ ದುಡ್ಡು ಬೇಕು, ದುಡ್ಡಿಗೆ ಸಾಲ ಬೇಕು, ಸಾಲಕ್ಕೆ ಖಾತೆ ಬೇಕು. ಇಲ್ಲೇ ಬಹಳ ಮನೆಗಳ ಕತೆ ನಿಲ್ಲುವುದು. ಖಾತೆ ಅಜ್ಜನ ಹೆಸರಲ್ಲೇ ಇದೆ. ಅಜ್ಜ ತೀರಿ ಮೂವತ್ತು ವರ್ಷ. ಗಂಡುಮಕ್ಕಳು ಮೂವರು, ಹೆಣ್ಣುಮಕ್ಕಳು ಇಬ್ಬರು, ಅವರಲ್ಲಿ ಒಬ್ಬರು ತೀರಿ ಅವರ ಮಕ್ಕಳು ಬೇರೆ ಊರಲ್ಲಿ. “ಹೆಣ್ಮಕ್ಕಳಿಗೆ ಪಾಲು ಬಂದಿದ್ದು 2005ರ ಮೇಲಲ್ವಾ, ನಮ್ಮಜ್ಜ ಅದಕ್ಕೂ ಮುಂಚೆನೇ ಹೋದ್ರು” ಎಂಬ ವಾದ ಪ್ರತಿ ಗಲ್ಲಿಯಲ್ಲೂ ಕೇಳುತ್ತದೆ. 2005ರ ತಿದ್ದುಪಡಿ ಬಂದದ್ದು ಪಿತ್ರಾರ್ಜಿತದ ವಿಷಯಕ್ಕೆ. ಕೂಲಿ ಮಾಡಿ ಅಜ್ಜ ತಾನೇ ಕಟ್ಟಿಕೊಂಡ ಮನೆ ಸ್ವಯಾರ್ಜಿತ. ವಿಲ್ ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಕುಟುಂಬದಲ್ಲಿ, 1956ರ ಉತ್ತರಾಧಿಕಾರ ಕಾಯ್ದೆಯಿಂದಲೇ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು. ಆ ಸಹಿಗಳಿಲ್ಲದೆ ಮಾಡಿಸಿಕೊಂಡ ಕಾಗದ ಮುಂದೊಂದು ದಿನ ಬಿಚ್ಚಿಕೊಳ್ಳುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರೂ ಕೂತು ವಿಭಾಗಪತ್ರ ಅಥವಾ ಹಕ್ಕು ಬಿಡುಗಡೆ ಪತ್ರ, ಅದರ ನೋಂದಣಿ, ಆಮೇಲೆ ನಗರಸಭೆಯಲ್ಲಿ ಇ-ಆಸ್ತಿ ಖಾತೆ. ಹಬ್ಬಕ್ಕೆ ಅಕ್ಕತಂಗಿಯರು ಬಂದಾಗಲೇ ಈ ಮಾತು ಎತ್ತುವುದು ಒಳ್ಳೆಯದು. ಗೌರಿ ಬಾಗಿನದ ಜೊತೆ ಸ್ಟಾಂಪ್ ಪೇಪರ್ ಇಡಬೇಡಿ ಅಷ್ಟೆ.

ಬಾಡಿಗೆಯವರ ವಿಷಯ ಇನ್ನೂ ನಾಜೂಕು. ಈ ಕೇರಿಗಳಲ್ಲಿ ಎಷ್ಟೋ ಜನ ಇರುವುದು ಭೋಗ್ಯಕ್ಕೆ. ಒಂದಷ್ಟು ಲಕ್ಷ ಕೊಟ್ಟು ಕೂತಿರುತ್ತಾರೆ, ತಿಂಗಳ ಬಾಡಿಗೆ ಇಲ್ಲ. ಗಲ್ಲಿಗೆ ಹೆಸರು ಬಂದು ಕೆಫೆಯವರು ದೊಡ್ಡ ಅಡ್ವಾನ್ಸ್ ಕೊಟ್ಟ ದಿನ ಮಾಲೀಕರು ಆ ಹಣದಲ್ಲೇ ಭೋಗ್ಯ ತೀರಿಸುತ್ತಾರೆ. ಯಾರೂ ಯಾರಿಗೂ ಮೋಸ ಮಾಡಿದಂತಾಗಲಿಲ್ಲ. ಆದರೆ ಬೀಜ ಆರಿಸಲು ಹೋಗುತ್ತಿದ್ದವರ ಮಗಳು ಊರಾಚೆಯ ಹೊಸ ಬಡಾವಣೆಗೆ ಹೋಗಿ, ಕೆಲಸಕ್ಕೆ ಎರಡು ಬಸ್ಸು ಹಿಡಿಯುತ್ತಾಳೆ. ಭೋಗ್ಯದ ಕರಾರು ಬಹಳ ಕಡೆ ನೋಟರಿ ಮಟ್ಟದಲ್ಲೇ ಉಳಿದಿರುತ್ತದೆ. ಮೂರು ವರ್ಷದ ಅವಧಿಯನ್ನು ನೋಂದಣಿ ಮಾಡಿಸಿದ್ದರೆ ಬಾಡಿಗೆಯವರ ಕೈಯಲ್ಲಿ ಕೊನೇಪಕ್ಷ ದಿನಗಳಾದರೂ ಇರುತ್ತವೆ.

ಸದ್ದು ಮಾಡುವ ಅಂಗಡಿಗಳು

ಕೇರಿ ನಿಜವಾಗಿ ಉಸಿರಾಡುತ್ತಿರುವುದಕ್ಕೆ ಗುರುತು ಯಾವುದು ಎಂದು ಕೇಳಿದರೆ ನನ್ನ ಬೆರಳು ಲೇತ್ ಅಂಗಡಿಯ ಕಡೆ ತೋರಿಸುತ್ತದೆ. ನವೆಂಬರಿಗೆ ಮೊದಲು ತೋಟಗಳಿಂದ ಪಲ್ಪರ್, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ರಿಪೇರಿಗೆ ಬರುತ್ತದೆ. ಡ್ರಮ್ಮಿನ ತಾಮ್ರದ ತಗಡಿನ ಮೇಲಿನ ಗುಬ್ಬಿಗಳು ಸವೆದಿದ್ದರೆ ಹಣ್ಣು ಸಿಪ್ಪೆ ಬಿಡದೆ ಹಾಗೇ ದಾಟುತ್ತದೆ; ಎದುರಿನ ಪ್ಲೇಟು ತೀರಾ ಹತ್ತಿರ ಬಂದಿದ್ದರೆ ಬೀಜಕ್ಕೆ ಗಾಯವಾಗಿ, ಆ ಗಾಯದಲ್ಲಿ ಹುಳಿ ಹಿಡಿದು, ಕುಡಿಯುವ ಕಾಫಿಯ ರುಚಿ ಕೆಡುತ್ತದೆ. ಒಂದು ಹಿಡಿ ಹಣ್ಣು ಹಾಕಿ, ಬಂದ ಬೀಜವನ್ನು ಅಂಗೈಯಲ್ಲಿ ಹರಡಿ, ಬೋಲ್ಟನ್ನು ಕಾಲು ಸುತ್ತು ಹಿಂದೆ ಮುಂದೆ ಮಾಡುವ ಆ ಕೈ ಈ ಗಲ್ಲಿಗಳದ್ದೇ. ಮಳೆಗಾಲಕ್ಕೆ ವೀಡ್ ಕಟರ್, ಬೇಸಿಗೆಗೆ ಸ್ಪ್ರಿಂಕ್ಲರ್ ಪಂಪು, ಫೆಬ್ರವರಿ ಮಾರ್ಚಿಗೆ ಮೆಣಸು ಬಿಡಿಸುವ ಯಂತ್ರ. ಸೀಸನ್ನಿನ ಕೆಲಸ ವರ್ಷದ ಕೆಲಸವಾಗಿರುವುದು ಇಲ್ಲೊಂದೇ.

ಆದರೆ ಲೇತ್ ಸದ್ದು ಮಾಡುತ್ತದೆ, ವೆಲ್ಡಿಂಗ್ ಕಿಡಿ ಹಾರಿಸುತ್ತದೆ. ಪಕ್ಕದಲ್ಲಿ ಹೋಂಸ್ಟೇ ಬಂದರೆ ಮೊದಲ ದೂರು ಹೋಗುವುದು ಇದರ ಮೇಲೆ. ರಾತ್ರಿ ಎಂಟರ ಮೇಲೆ ಯಂತ್ರ ಬೇಡ, ಗ್ರೈಂಡರ್ ಒಳಕೋಣೆಯಲ್ಲಿ, ಯಂತ್ರದ ಕಾಲಿಗೆ ರಬ್ಬರ್ ಪ್ಯಾಡು ಎಂಬಷ್ಟರಲ್ಲಿ ಒಗೆತನ ಮಾಡಬಹುದು. ಥ್ರೀ ಫೇಸ್ ಮೀಟರನ್ನು ಒಮ್ಮೆ ಸರೆಂಡರ್ ಮಾಡಿದರೆ ಮಾತ್ರ ಮುಗಿಯಿತು. ವಾಸದ ಗಲ್ಲಿಯೆಂದು ಹೊಸದು ಸಿಗುವುದು ಕಷ್ಟ. ಬೀದಿಬದಿಯವರಿಗೂ ಅಷ್ಟೇ. 2014ರ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು. ಗಲ್ಲಿಯ ತುದಿಯ ಬೋಂಡಾ ಗಾಡಿಯನ್ನು “ಬ್ಯೂಟಿಫಿಕೇಷನ್” ಹೆಸರಿನಲ್ಲಿ ಎತ್ತಿಸುವ ಮೊದಲು ಗಾಡಿಯವರ ಹೆಸರು ಸರ್ವೆಯಲ್ಲಿ ಸೇರಿದೆಯೇ ಎಂದು ನೋಡಿಕೊಳ್ಳಬೇಕಾದವರು ನಾವೇ.

ಚಿತ್ರದ ಗೋಡೆಗೆ ಮಾಡಬೇಕಾದ ಕೆಲಸ ಇಷ್ಟು. ಆಕೆಯ ಸೊಂಟದ ಕೆಳಗೆ, ಹೆಚ್ಚುಕಮ್ಮಿ ನಾಲ್ಕಡಿ, ಬಣ್ಣವನ್ನೂ ಸಿಮೆಂಟನ್ನೂ ಕೆತ್ತಿ ತೆಗೆಯುವುದು. ಗೋಡೆಗೆ ಅಂಟಿದ ಕಾಂಕ್ರೀಟನ್ನು ಒಂದಡಿ ಅಗಲಕ್ಕೆ ಕತ್ತರಿಸಿ, ಹೂತುಹೋದ ತಳಪಾಯದ ಕಲ್ಲು ಕಾಣುವಷ್ಟು ಆಳ ತೋಡಿ, ಚರಂಡಿಗೆ ಇಳಿಜಾರು ಕೊಟ್ಟು ಜಲ್ಲಿ ತುಂಬುವುದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಆಕೆ ಕಾಲಿಲ್ಲದೆ ನಿಲ್ಲಲಿ. ಸುಣ್ಣದ ಗಾರೆ ಒಣಗಿದ ಮೇಲೆ ಅಷ್ಟು ಭಾಗವನ್ನು ಸುಣ್ಣದ ನೀರಿಗೆ ಕೆಂಪು, ಹಳದಿ, ಕಪ್ಪು ಆಕ್ಸೈಡ್ ಪುಡಿ ಕಲಸಿ ಮೂರು ತೆಳು ಕೋಟಿನಲ್ಲಿ ಮತ್ತೆ ಬರೆಸಬಹುದು. ಸೀರೆಯ ಬಣ್ಣ ಮೊದಲಿನಷ್ಟು ಮಿರುಗುವುದಿಲ್ಲ, ಮೇಲಿನದಕ್ಕೂ ಕೆಳಗಿನದಕ್ಕೂ ಹೊಂದುವುದೂ ಇಲ್ಲ. ಒಳಗಿನ ಮಂಚವನ್ನು ಮಾತ್ರ ಮತ್ತೆ ಗೋಡೆಗೆ ಒತ್ತಿ ಹಾಕಿಕೊಳ್ಳಬಹುದು.